ಹೊಸ ಒಲೆಯ ಮೊದಲ ಬೆಂಕಿ

ಹೊಸದಾಗಿ ಕಟ್ಟಿಸಿದ ಹೊಗೆಕೊಳವೆಯ ಒಲೆಗೆ ಮೊದಲ ಸಲ ಬೆಂಕಿ ಹಾಕಿದ ದಿನ ಹೊಗೆ ಕೊಳವೆಯಲ್ಲಿ ಹೋಗದೆ ಒಲೆಯ ಬಾಯಿಂದಲೇ ನುಗ್ಗಿ ಮನೆ ತುಂಬಿಕೊಳ್ಳುವುದುಂಟು. ಕಣ್ಣುರಿ, ಕೆಮ್ಮು, ಹೊಸ ಗೋಡೆಯ ಮೇಲೆ ಮಸಿ, ಜತೆಗೆ ಮನೆಯವರ ಗೊಣಗಾಟ. ಆ ಹೊತ್ತಿನಲ್ಲಿ ಎರಡೇ ತೀರ್ಪು ಕೇಳಿಬರುತ್ತವೆ: ಒಲೆ ಸರಿಯಿಲ್ಲ, ಇಲ್ಲವೇ ಹಚ್ಚಿದವಳಿಗೆ ಹಚ್ಚಲು ಬರುವುದಿಲ್ಲ. ಎರಡೂ ಬಹುಪಾಲು ತಪ್ಪು ತೀರ್ಪುಗಳೇ. ಒಲೆ ಕಟ್ಟಿದವರು ಮೊದಲ ಬೆಂಕಿಯನ್ನು ಮನೆಯವರ ಎದುರಿಗೆ ತಾವೇ ಹಚ್ಚಿ ತೋರಿಸದೆ ಕೂಲಿ ಎಣಿಸಿಕೊಂಡು ಹೊರಟುಬಿಡುವ ರೂಢಿಯೇ ಈ ಅವಾಂತರಕ್ಕೆ ಮುಖ್ಯ ಕಾರಣ ಎಂದು ನಾನು ವಾದಿಸುತ್ತೇನೆ. ಒಂದು ದಿನದ ಹೊಗೆ ಸಣ್ಣ ವಿಷಯದಂತೆ ಕಾಣಬಹುದು. ಆದರೆ ಆ ದಿನ ಮುರಿದ ನಂಬಿಕೆ ಮತ್ತೆ ಕೂಡುವುದು ಕಷ್ಟ. ಮರುವಾರವೇ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅಡುಗೆ ಶುರುವಾಗುತ್ತದೆ, ಹೊಸ ಒಲೆ ಪಾತ್ರೆ ಇಡುವ ಕಟ್ಟೆಯಾಗುತ್ತದೆ.

ಈ ಮಾತನ್ನು ತುಮಕೂರು ಜಿಲ್ಲೆಯಲ್ಲಿ ನಿಂತು ಆಡುವುದಕ್ಕೆ ಕಾರಣವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರವನ್ನು ಕಟ್ಟಿದರು. ಹಳ್ಳಿಗೆ ಒದಗುವ ವಿಜ್ಞಾನ, ತಂತ್ರಜ್ಞಾನ ಅದರ ಗುರಿ. ಅದರ ಗ್ರಾಮೀಣ ಕೇಂದ್ರ ನೆಲೆಯೂರಿದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅಲ್ಲಿನ ವಿಜ್ಞಾನಿಗಳು 1970ರ ದಶಕದ ಉತ್ತರಾರ್ಧದಲ್ಲಿ ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾವ ಕೆಲಸಕ್ಕೆ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎಷ್ಟು ಮೈಬೆವರು ಖರ್ಚಾಗುತ್ತದೆ ಎಂದು ಅಳೆದರು. ಆ ಹಳ್ಳಿಗಳಲ್ಲಿ ಪುರ ಎಂಬ 56 ಮನೆಗಳ ಊರಿನ ಲೆಕ್ಕ ಅಂತರರಾಷ್ಟ್ರೀಯ ಚರ್ಚೆಯಲ್ಲೂ ಉಲ್ಲೇಖವಾಗುವಷ್ಟು ಹೆಸರಾಯಿತು. ಆ ಊರು ಬಳಸುವ ಒಟ್ಟು ಶಕ್ತಿಯಲ್ಲಿ ನೂರಕ್ಕೆ 90ರಷ್ಟು ಸೌದೆಯಿಂದ ಬರುತ್ತಿತ್ತು. ಅದರ ಬಹುಪಾಲು ಹೋಗುತ್ತಿದ್ದುದು ಅಡುಗೆಗೆ ಮತ್ತು ಸ್ನಾನದ ನೀರಿಗೆ. ದುಡ್ಡು ಕೊಟ್ಟು ಕೊಂಡ ಸೌದೆ ಅತ್ಯಲ್ಪ. ಉಳಿದದ್ದೆಲ್ಲ ಮನೆಯವರೇ ಮೈಲಿಗಟ್ಟಲೆ ನಡೆದು ಆಯ್ದು ತಂದದ್ದು. ಈ ಅಳತೆಯೇ ಒಲೆಯ ಸಂಶೋಧನೆಗೆ ತಳಹದಿ. ಕೆ.ಎಸ್. ಜಗದೀಶ್, ಎಸ್.ಎಸ್. ಲೋಕರಸ್ ಮುಂತಾದವರು ರೂಪಿಸಿದ ಮೂರು ಪಾತ್ರೆಗಳ 'ಅಸ್ತ್ರ ಒಲೆ' ಕುಣಿಗಲ್ ಸೀಮೆಯ ಮನೆಗಳಲ್ಲಿ ಪರೀಕ್ಷೆಗೊಳಗಾಗಿ, 1980ರ ದಶಕದಲ್ಲಿ ರಾಜ್ಯದಾದ್ಯಂತ ಹರಡಿತು. ಹಳೆಯ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲು ಪಾತ್ರೆಗೆ ತಲುಪಿದರೆ ಹೆಚ್ಚು. ಅಸ್ತ್ರ ಒಲೆ ಪ್ರಯೋಗಾಲಯದಲ್ಲಿ ನೂರಕ್ಕೆ 40ಕ್ಕೂ ಮೇಲ್ಪಟ್ಟು ತಲುಪಿಸಿತು.

ಇಷ್ಟು ದೊಡ್ಡ ಗಳಿಕೆಗೆ ಒಂದು ಬೆಲೆಯೂ ಇದೆ. ಮೂರು ಕಲ್ಲಿನ ಒಲೆ ಹೇಗೆ ಹಚ್ಚಿದರೂ ಉರಿಯುತ್ತದೆ, ಯಾವ ಪಾತ್ರೆ ಇಟ್ಟರೂ ಒಪ್ಪುತ್ತದೆ, ಹೊಗೆಯನ್ನು ಮಾತ್ರ ನೇರ ಮುಖಕ್ಕೆ ಕೊಡುತ್ತದೆ. ಅಸ್ತ್ರ ಒಲೆ ಒಂದು ಮುಚ್ಚಿದ ದಾರಿ. ಕೆಳಗೆ ಕಬ್ಬಿಣದ ಜಾಲರಿ, ಅದರ ಮೇಲೆ ಸೌದೆ, ಜಾಲರಿಯ ಅಡಿಯಿಂದ ಗಾಳಿ. ಉರಿ ಮೊದಲ ಪಾತ್ರೆಯ ಅಡಿಗೆ ತಾಗಿ, ಎರಡನೆಯದಕ್ಕೆ ಹರಿದು, ಮೂರನೆಯದನ್ನು ಬಿಸಿ ಮಾಡಿ ಕೊಳವೆ ಸೇರುತ್ತದೆ. ಈ ದಾರಿಯಲ್ಲಿ ಎಲ್ಲಿ ಸಂದಿ ಬಿಟ್ಟರೂ ಹೊಗೆ ಅಲ್ಲಿಂದ ಹೊರಬೀಳುತ್ತದೆ. ಆದ್ದರಿಂದ ಮೂರೂ ಕುಳಿಗಳ ಮೇಲೆ ಅಳತೆಗೆ ಕೂರುವ ಪಾತ್ರೆ ಇರಲೇಬೇಕು. ಮೊದಲ ದಿನ 'ಸ್ವಲ್ಪ ಹಾಲು ಕಾಯಿಸೋಣ' ಎಂದು ಒಂದೇ ಪಾತ್ರೆ ಇಟ್ಟು ಉಳಿದೆರಡು ಕುಳಿ ತೆರೆದು ಬಿಟ್ಟರೆ ಹೊಗೆ ಅಡುಗೆಮನೆಗೆ ಬರದೆ ಬೇರೆಲ್ಲಿಗೆ ಹೋಗಬೇಕು? ಪಾತ್ರೆಯ ಕಂಠಕ್ಕೂ ಕುಳಿಯ ಅಂಚಿಗೂ ಒಂದು ಬೆರಳು ಸಂದಿ ಇದ್ದರೂ ಸಾಕು, ಕೊಳವೆಯ ಎಳೆತ ಅಲ್ಲಿಯೇ ಸೋರಿಹೋಗುತ್ತದೆ. ಮುದ್ದೆ ತೊಳಸುವಾಗ ಪಾತ್ರೆ ಅಲುಗಿದರೂ ಇದೇ ಗತಿ. ರಾಗಿ ಉಣ್ಣುವ ಸೀಮೆಯಲ್ಲಿ ಇದು ಚಿಕ್ಕ ಮಾತಲ್ಲ.

ಕೊಳವೆ ಹೊಗೆಯನ್ನು ಎಳೆಯುವುದು ಹೇಗೆಂದು ತಿಳಿದರೆ ಮೊದಲ ದಿನದ ಗೊಂದಲ ಅರ್ಧ ಕಳೆಯುತ್ತದೆ. ಕೊಳವೆಗೆ ತನ್ನದೆಂಬ ಬಲವಿಲ್ಲ. ಒಳಗಿನ ಗಾಳಿ ಕಾದು ಹಗುರಾಗುತ್ತದೆ, ಹೊರಗಿನದು ತಂಪಾಗಿ ಭಾರವಾಗಿರುತ್ತದೆ. ಭಾರದ ಈ ವ್ಯತ್ಯಾಸವೇ ಎಳೆತ. ಹತ್ತಡಿ ಎತ್ತರದ ಕೊಳವೆಯ ಒಳಗೆ 120 ಡಿಗ್ರಿ, ಹೊರಗೆ 25 ಡಿಗ್ರಿ ಸೆಲ್ಸಿಯಸ್ ಇದೆ ಎಂದು ಲೆಕ್ಕ ಹಾಕಿದರೂ ಎಳೆತ ಒಂದು ಮಿಲಿಮೀಟರ್ ನೀರಿನ ಒತ್ತಡವನ್ನೂ ಮುಟ್ಟುವುದಿಲ್ಲ. ಚೆನ್ನಾಗಿ ಕಾದ ಕೊಳವೆಯ ಪಾಡೇ ಇಷ್ಟಾದರೆ, ಒಮ್ಮೆಯೂ ಬೆಂಕಿ ಕಾಣದ ಕೊಳವೆಯದು ಸೊನ್ನೆ. ಕೆಲವು ಸಲ ಸೊನ್ನೆಗಿಂತಲೂ ಕೆಳಗೆ: ಮಾಗಿಯ ಬೆಳಗಿನ ಜಾವ ಸೂರಿನ ಮೇಲೆ ಇಡೀ ರಾತ್ರಿ ಥಂಡಿಯಲ್ಲಿ ನಿಂತ ಕೊಳವೆಯೊಳಗಿನ ಗಾಳಿ ಮನೆಯೊಳಗಿನದಕ್ಕಿಂತ ಭಾರವಾಗಿ ಕೆಳಕ್ಕೇ ಇಳಿಯುತ್ತಿರುತ್ತದೆ. ಬೇಸಿಗೆಯ ಮಧ್ಯಾಹ್ನ ಹೊರಗೆ ಕಾದು, ಗೋಡೆಯೊಳಗಿನ ಇಟ್ಟಿಗೆಯ ಗೂಡು ತಂಪಾಗಿದ್ದರೂ ಅದೇ ಕತೆ. ಬತ್ತಿದ ಕೈಪಂಪಿಗೆ ಮೊದಲು ಒಂದು ಚೊಂಬು ನೀರು ಹುಯ್ದು ಆಮೇಲೆ ಹೊಡೆಯುವಂತೆ, ಕೊಳವೆಗೂ ಮೊದಲು ಒಂದಿಷ್ಟು ಬಿಸಿ ಕೊಟ್ಟು ಎಳೆತ ಹಿಡಿಸಬೇಕು. ಉಪಾಯ ಸುಲಭದ್ದು. ಕೊಳವೆಗೆ ಹತ್ತಿರವಿರುವ ಮೂರನೆಯ ಕುಳಿಯಲ್ಲಿ ಒಂದು ಹಿಡಿ ಒಣ ತೆಂಗಿನ ಗರಿಯನ್ನೋ ಹಳೆಯ ಪತ್ರಿಕೆಯನ್ನೋ ಭಗ್ಗನೆ ಉರಿಸಿ, ಕೊಳವೆ ಬೆಚ್ಚಗಾದ ಮೇಲೆ ಕುಳಿಯನ್ನು ಪಾತ್ರೆಯಿಂದ ಮುಚ್ಚಿ, ಆಮೇಲೆ ಮುಂದಿನ ಬಾಯಲ್ಲಿ ಸೌದೆ ಹಚ್ಚುವುದು. ಎಳೆತ ಹಿಡಿಯಿತೋ ಇಲ್ಲವೋ ಎಂದು ತಿಳಿಯಲು ಊದುಬತ್ತಿಯೊಂದನ್ನು ಒಲೆಯ ಬಾಯಿಗೆ ಹಿಡಿದರೆ ಸಾಕು. ಅದರ ಹೊಗೆ ಒಳಕ್ಕೆ ಬಾಗಿದರೆ ಹಚ್ಚಬಹುದು, ಮುಖಕ್ಕೆ ಬಂದರೆ ಇನ್ನೂ ಕಾಯಬೇಕು.

ಹೊಸ ಒಲೆಯ ಇನ್ನೊಂದು ಶತ್ರು ಅದರ ಹಸಿತನ. ಮಣ್ಣಿನ ಒಲೆ ಮೇಲೆ ಒಣಗಿದಂತೆ ಕಂಡರೂ ಒಡಲಲ್ಲಿ ಕೊಡಗಟ್ಟಲೆ ನೀರು ಇಟ್ಟುಕೊಂಡಿರುತ್ತದೆ. ಒಂದು ಕೆಜಿ ನೀರನ್ನು ಆವಿಯಾಗಿಸಲು, ಅದೇ ನೀರನ್ನು ಕೋಣೆಯ ಶಾಖದಿಂದ ಕುದಿಯುವ ತನಕ ಕಾಯಿಸಲು ಬೇಕಾದ್ದಕ್ಕಿಂತ ಸುಮಾರು ಏಳು ಪಟ್ಟು ಶಾಖ ಬೇಕು. ಮೊದಲ ಬೆಂಕಿಯ ಶಾಖವೆಲ್ಲ ಮಣ್ಣಿನ ನೀರಿಗೇ ಹೋದರೆ ಉರಿ ತಣ್ಣಗಾಗಿ ಹೊಗೆ ದಟ್ಟವಾಗುತ್ತದೆ, ಕೊಳವೆ ಕಾಯುವುದಿಲ್ಲ. ಅವಸರದಿಂದ ದೊಡ್ಡ ಉರಿ ಹಾಕಿದರೆ ಒಳಗಿನ ನೀರು ಏಕಾಏಕಿ ಆವಿಯಾಗಿ ಒಲೆ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಮತ್ತೆ ಹೊಗೆ. ಸೌದೆಯೂ ಹಾಗೆಯೇ: ಆಗತಾನೆ ಕಡಿದ ಕೊಂಬೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ನಮ್ಮ ಗೃಹಪ್ರವೇಶದ ಪದ್ಧತಿಯನ್ನು ಇದರ ಜತೆ ಇಟ್ಟು ನೋಡಿ. ಹೊಸ ಮನೆಯಲ್ಲಿ ಹಾಲುಕ್ಕಿಸುವುದು ಮಂಗಳಕರ, ಅದು ನಡೆಯಲೇಬೇಕು. ಆದರೆ ಗಿಲಾವು ಆರದ ಗೋಡೆ, ಹಸಿ ಒಲೆ, ತಣ್ಣನೆಯ ಕೊಳವೆ, ಬೆಳಗಿನ ಜಾವದ ಮುಹೂರ್ತ, ಅಡುಗೆಮನೆ ತುಂಬ ನೆಂಟರು ಇವೆಲ್ಲ ಒಟ್ಟಿಗೆ ಸೇರುವ ಹೊತ್ತೂ ಅದೇ. ಅದಕ್ಕಿಂತ ಒಂದೆರಡು ವಾರ ಮೊದಲೇ ಒಲೆ ಕಟ್ಟಿ ಮುಗಿಸಿ, ನೆರಳಲ್ಲಿ ಆರಲು ಬಿಟ್ಟು, ಕೊನೆಯ ನಾಲ್ಕಾರು ದಿನ ಪುಳ್ಳೆಯ ಸಣ್ಣ ಉರಿ ಹಾಕಿ ಒಣಗಿಸಿದ್ದರೆ ಮುಹೂರ್ತದ ಹಾಲು ಕಣ್ಣೀರಿಲ್ಲದೆ ಉಕ್ಕುತ್ತದೆ. ಶಾಸ್ತ್ರಕ್ಕೆ ಇದರಿಂದ ಯಾವ ಊನವೂ ಇಲ್ಲ.

ಹೊಗೆ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು ಎಂಬುದನ್ನು ಹೊಸ ಮನೆ ಕಟ್ಟುವವರು ಮರೆಯುತ್ತಾರೆ. ಬೆಂಜಮಿನ್ ಫ್ರಾಂಕ್ಲಿನ್ 1785ರಲ್ಲಿ ಫ್ರಾನ್ಸಿನಿಂದ ಅಮೆರಿಕಕ್ಕೆ ಮರಳುವಾಗ ಹಡಗಿನಲ್ಲಿ ಕುಳಿತು, ಹೊಗೆ ಕಾರುವ ಚಿಮಣಿಗಳ ಕಾರಣ ಮತ್ತು ಪರಿಹಾರದ ಬಗ್ಗೆ ಒಂದು ದೀರ್ಘ ಪತ್ರ ಬರೆದ. ಅವನು ಎಣಿಸಿದ ಕಾರಣಗಳಲ್ಲಿ ಮೊಟ್ಟಮೊದಲನೆಯದು ಹೊಸ ಮನೆಯ ಬಿಗಿತನ. ಬಾಗಿಲು ಕಿಟಕಿಗಳು ಅಷ್ಟು ಅಚ್ಚುಕಟ್ಟಾಗಿ ಕೂತಿರುತ್ತವೆ, ಬೆಂಕಿಗೆ ಬೇಕಾದ ಗಾಳಿಗೆ ದಾರಿಯೇ ಇರುವುದಿಲ್ಲ. ಇನ್ನೂರು ವರ್ಷಗಳ ಹಿಂದಿನ ಈ ಮಾತು ಇಂದಿನ ತುಮಕೂರು ನಗರದ ಆರ್‌ಸಿಸಿ ಮನೆಗಳಿಗೆ ಅಕ್ಷರಶಃ ಅನ್ವಯಿಸುತ್ತದೆ. ಹಳೆಯ ಹೆಂಚಿನ ಮನೆಯಲ್ಲಿ ಹೆಂಚಿನ ಸಂದಿ, ಬೆಳಕಿಂಡಿ, ಗೋಡೆಗೂ ಸೂರಿಗೂ ನಡುವಿನ ತೆರಪು ಇದ್ದವು. ಹೊಸ ಮನೆಯ ಬಚ್ಚಲಲ್ಲಿ ನೀರೊಲೆ ಇಟ್ಟು, ಬಾಗಿಲು ಮುಚ್ಚಿ, ಪಕ್ಕದ ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಆ ಫ್ಯಾನು ಕೊಳವೆಯ ಅಲ್ಪ ಎಳೆತವನ್ನು ಸುಲಭವಾಗಿ ಸೋಲಿಸಿ ಹೊಗೆಯನ್ನು ಮನೆಯೊಳಗೆ ಸೆಳೆದುಕೊಳ್ಳುತ್ತದೆ. ಕೊಳವೆ ಸೂರಿನ ನೆತ್ತಿಗಿಂತ ಮೇಲೆ ಏಳದೆ ಗೋಡೆಯ ಪಕ್ಕದಲ್ಲೇ ಮೊಟಕಾಗಿ ನಿಂತಿದ್ದರೆ ಗಾಳಿ ಬೀಸಿದಾಗಲೆಲ್ಲ ಇದೇ ಪಾಡು.

ಮೊದಲ ದಿನ ಹೊಗೆ ತಿರುಗಿದಾಗ ಜನ ಮಾಡುವ ಕೆಲಸಗಳು ಬಹಳ ಸಲ ಸಂಕಟವನ್ನು ಹೆಚ್ಚಿಸುತ್ತವೆ. ಅದಕ್ಕೆ ದಡ್ಡತನ ಕಾರಣವಲ್ಲ. ತೆರೆದ ಒಲೆಯಲ್ಲಿ ವರ್ಷಗಟ್ಟಲೆ ಪಳಗಿದ ಕೈಗೆ ಏನು ಸರಿಯೋ ಅದೇ ಇಲ್ಲಿ ತಪ್ಪಾಗುತ್ತದೆ. ಅಲ್ಲಿ ಹೊಗೆಯಾಡಿದರೆ ಊದುಗೊಳವೆಯಿಂದ ಊದುವುದು ಸರಿ. ಇಲ್ಲಿ ಊದಿದರೆ ಹೊಗೆ ಬೇರೆ ಕುಳಿಗಳಿಂದ ಚಿಮ್ಮುತ್ತದೆ. ಅಲ್ಲಿ ಉದ್ದನೆಯ ಕೊಂಬೆಯನ್ನು ತಳ್ಳುತ್ತಾ ಹೋಗಬಹುದು; ಇಲ್ಲಿ ತುಂಡು ಮಾಡಿ ಸೀಳಿದ ಸೌದೆಯೇ ಬೇಕು, ಉದ್ದದ ಕೊಳ್ಳಿ ಬಾಯಿಯ ಬಾಗಿಲನ್ನು ಮುಚ್ಚಗೊಡುವುದಿಲ್ಲ. ಅಲ್ಲಿ ಇನ್ನಷ್ಟು ಸೌದೆ ತುರುಕಿದರೆ ಉರಿ ಏಳುತ್ತದೆ; ಇಲ್ಲಿ ಗಾಳಿಯ ದಾರಿ ಕಟ್ಟುತ್ತದೆ. ಇನ್ನು ಸೀಮೆಎಣ್ಣೆ ಸುರಿಯುವುದಂತೂ ಪ್ರಾಣಕ್ಕೇ ಅಪಾಯ: ಮುಚ್ಚಿದ ಒಲೆಯಲ್ಲಿ ಬಿಸಿಗೆ ಆವಿಯಾದ ಎಣ್ಣೆ ಒಮ್ಮೆಲೇ ಹೊತ್ತಿ ಜ್ವಾಲೆ ಬಾಯಿಂದ ಹೊರಗೆ ಹಾರುತ್ತದೆ, ಎದುರಿಗೆ ಕೂತವರ ಸೀರೆಯ ಸೆರಗು ಅಲ್ಲೇ ಇರುತ್ತದೆ. ಕಾದ ಮಣ್ಣಿಗೆ ಚೊಂಬು ನೀರು ಎರಚಿದರೆ ಆವಿ ಮೈಗೆ ಹೊಡೆಯುತ್ತದೆ, ಒಲೆಯೂ ಸೀಳುತ್ತದೆ. ಮಾಡಬೇಕಾದದ್ದು ಇಷ್ಟೇ: ಬಾಗಿಲು ಕಿಟಕಿ ತೆರೆದು, ಮಕ್ಕಳನ್ನೂ ವಯಸ್ಸಾದವರನ್ನೂ ಹೊರಗೆ ಕಳಿಸಿ, ಕೊಳ್ಳಿಗಳನ್ನು ಇಕ್ಕಳದಿಂದ ಒಂದೊಂದಾಗಿ ಎಳೆದು ಅಂಗಳಕ್ಕೆ ಹಾಕಿ, ಒಲೆ ತಣ್ಣಗಾಗಲು ಬಿಡುವುದು.

ಕಣ್ಣಿಗೆ ಕಾಣುವ ಹೊಗೆಗಿಂತ ಕಾಣದ ಅನಿಲದ ಭಯ ದೊಡ್ಡದು. ಗಾಳಿ ಸಾಲದೆ ಹೊಗೆಯಾಡುವ ಸೌದೆಯಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಬಂದರೆ 'ಹೊಗೆಗೆ ಹೀಗಾಯಿತು' ಎಂದು ಅಲ್ಲೇ ಮಲಗುವುದು ಪ್ರಾಣಾಂತಿಕ; ಕೂಡಲೇ ಬಯಲಿಗೆ ಬರಬೇಕು, ಆಸ್ಪತ್ರೆಗೆ ಹೋಗಬೇಕು. ಕಿಟಕಿಯಿಲ್ಲದ ಬಚ್ಚಲುಮನೆಗಳಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು ಜನ ಸಾಯುವ ಸುದ್ದಿ ನಮ್ಮ ನಗರಗಳಿಂದ ಮತ್ತೆ ಮತ್ತೆ ಬರುವುದಕ್ಕೆ ಕಾರಣ ಇದೇ ಅನಿಲ. ಸೌದೆಯಾಗಲಿ ಗ್ಯಾಸಾಗಲಿ, ಉರಿದದ್ದಕ್ಕೆ ಹೊರಹೋಗುವ ದಾರಿ ಇಲ್ಲದಿದ್ದರೆ ಫಲ ಒಂದೇ.

ಕಟ್ಟಿದವರು ಜತೆಗೆ ನಿಲ್ಲದಿದ್ದರೆ ಒಲೆ ಉಳಿಯುವುದಿಲ್ಲ ಎಂಬುದಕ್ಕೆ ದೇಶದ ಅನುಭವವೇ ಸಾಕ್ಷಿ. ಹೊಗೆಯಿಲ್ಲದ ಅಡುಗೆಮನೆಯ ಕನಸು ನಮ್ಮಲ್ಲಿ ಹೊಸದಲ್ಲ. ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು 1950ರ ದಶಕದಲ್ಲೇ ಅದಕ್ಕಾಗಿ ಒಲೆ ರೂಪಿಸಿ ಪುಸ್ತಿಕೆ ಬರೆದಿದ್ದರು. 1980ರ ದಶಕದಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಿದ ಮೇಲೆ 2002ರಲ್ಲಿ ಅದನ್ನು ಕೈಬಿಟ್ಟಿತು. ಎಷ್ಟು ಒಲೆ ಕಟ್ಟಿದರು ಎಂಬ ಲೆಕ್ಕ ಇತ್ತೇ ಹೊರತು ಎಷ್ಟು ಒಲೆ ಉರಿಯುತ್ತಿವೆ ಎಂಬುದರ ಕಡೆ ಗಮನ ಸಾಲಲಿಲ್ಲ. ಒಡಿಶಾದಲ್ಲಿ ರೇಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಕೊಳವೆಯಿರುವ ಒಲೆಗಳನ್ನು ಹಲವು ವರ್ಷ ಬೆನ್ನುಹತ್ತಿ ಅಧ್ಯಯನ ಮಾಡಿದರು. ಮೊದಲ ವರ್ಷ ಮನೆಯವರು ಕುಡಿಯುವ ಹೊಗೆ ಕಡಿಮೆಯಾಯಿತು, ಆಮೇಲೆ ಆ ಲಾಭ ಕರಗಿಹೋಯಿತು. ಬಿರುಕು ಮೆತ್ತಲಿಲ್ಲ, ಕೊಳವೆ ಗುಡಿಸಲಿಲ್ಲ, ಬಳಕೆಯೇ ಇಳಿಯಿತು. ಕುಣಿಗಲ್ ತಾಲ್ಲೂಕಿನ ಪುರದಲ್ಲೂ ಇದಕ್ಕೆ ಹತ್ತಿರದ ಪಾಠವಿದೆ. ಅಲ್ಲಿ ಊರಿಗೆಲ್ಲ ಅಡುಗೆ ಅನಿಲ ಕೊಡಲೆಂದು ಕಟ್ಟಿದ ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಸಾಕಷ್ಟು ಅನಿಲ ಕೊಡಲಾಗದೆ ಮೊದಲ ಪ್ರಯತ್ನದಲ್ಲಿ ಸೋತಿತು. ಆದರೆ ವಿಜ್ಞಾನಿಗಳು ಊರು ಬಿಟ್ಟು ಹೋಗಲಿಲ್ಲ. ಊರಿನವರ ಜತೆ ಕೂತು ಮಾತಾಡಿ, 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ ಕುಡಿಯುವ ನೀರು, ಮನೆಗೆ ದೀಪ ಒದಗಿಸಿದರು. ಮೊದಲ ಸೋಲಿನ ದಿನ ಯಾರು ಎದುರಿಗೆ ಇದ್ದರು ಎಂಬುದು ತಂತ್ರಜ್ಞಾನದ ಹಣೆಬರಹವನ್ನು ಎಷ್ಟೋ ಸಲ ನಿರ್ಧರಿಸುತ್ತದೆ.

ಗ್ಯಾಸ್ ಬಂದಿರುವಾಗ ಸೌದೆ ಒಲೆಯ ಮಾತೇಕೆ ಎಂದು ಕೇಳುವವರಿದ್ದಾರೆ. ಉಜ್ವಲ ಯೋಜನೆ 2016ರಲ್ಲಿ ಬಂದ ಮೇಲೆ ಸಿಲಿಂಡರು ಹಳ್ಳಿಹಳ್ಳಿಗೆ ತಲುಪಿದ್ದು ನಿಜ, ಅದು ಒಳ್ಳೆಯದೇ. ಅಡುಗೆಗೆ ಗ್ಯಾಸ್ ಸಿಗುವ ಮನೆಯಲ್ಲಿ ಗ್ಯಾಸನ್ನೇ ಬಳಸಲಿ ಎಂಬುದೇ ನನ್ನ ಅಭಿಪ್ರಾಯ ಕೂಡ. ಆದರೆ ಗುಬ್ಬಿ, ಕುಣಿಗಲ್ ಕಡೆಯ ತೋಟದ ಮನೆಗಳಲ್ಲಿ ಸೋಗೆ, ಎಡೆಮಟ್ಟೆ, ಕಾಯಿ ಸಿಪ್ಪೆ, ಕರಟ ವರ್ಷವಿಡೀ ಬಿಟ್ಟಿ ಸಿಗುತ್ತವೆ. ಸ್ನಾನದ ಹಂಡೆಗೆ, ದನದ ಹುರುಳಿಗೆ, ಹಬ್ಬದ ದೊಡ್ಡ ಅಡುಗೆಗೆ ಸಿಲಿಂಡರ್ ಸುಡಲು ಯಾರಿಗೂ ಮನಸ್ಸಾಗುವುದಿಲ್ಲ. ಸೌದೆ ಇರುವಷ್ಟು ದಿನ ಅದರ ಹೊಗೆ ಕೊಳವೆಯಲ್ಲಿ ಹೋಗಲಿ. ಹೊಗೆಯಿಂದ ಉಪಯೋಗವಿದೆ, ತೊಲೆಗೆ ಹುಳು ಹತ್ತುವುದಿಲ್ಲ, ಕೊಬ್ಬರಿಗೆ ಒಳ್ಳೆಯದು ಎಂಬ ಮಾತೂ ಇದೆ. ಈ ಮಾತಿನಲ್ಲಿ ಹುರುಳಿದೆ. ಉಂಡೆ ಕೊಬ್ಬರಿಗಾಗಿ ಅಟ್ಟದ ಮೇಲೆ ಕಾಯಿ ಹರಡಿ ತಿಂಗಳುಗಟ್ಟಲೆ ಕಾಯುವಾಗ ಕೆಳಗೆ ಸಣ್ಣಗೆ ಹೊಗೆ ಹಾಕುವ ಪದ್ಧತಿ ತೆಂಗಿನ ಸೀಮೆಯಲ್ಲಿದೆ. ಆದರೆ ಕೊಬ್ಬರಿಯ ಕೆಳಗೆ ಯಾರೂ ದಿನಕ್ಕೆ ನಾಲ್ಕು ಗಂಟೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕೂರುವುದಿಲ್ಲ. ತೊಲೆಗೆ ಹಚ್ಚಲು ಎಣ್ಣೆಯಿದೆ. ಅಡುಗೆ ಮಾಡುವವರ ಶ್ವಾಸಕೋಶಕ್ಕೆ ಅಂಥ ಲೇಪ ಇಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಬೆಂಕಿ ಹಚ್ಚುವುದನ್ನು ಹೆಂಗಸರಿಗೆ ಹೇಳಿಕೊಡಬೇಕೇ ಎಂಬ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. ಬೆಂಕಿಯ ವಿದ್ಯೆ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಇಲ್ಲಿ ಹೊಸದಾಗಿರುವುದು ಗಾಳಿಯ ದಾರಿ. ಆ ದಾರಿ ಹೇಗಿದೆಯೆಂಬುದು ಕಟ್ಟಿದವರಿಗೆ ಮಾತ್ರ ಗೊತ್ತು. ಅದನ್ನು ತೋರಿಸಿಕೊಡುವುದು ಅವರ ಕೆಲಸದ ಭಾಗವೇ ಹೊರತು ಉಪಕಾರವಲ್ಲ. ಕಲಿಸುವ ಕೆಲಸವನ್ನು ಹೆಂಗಸರೇ ಮಾಡಿದರೆ ಇನ್ನೂ ಚೆನ್ನ: ಬೆಂಗಳೂರಿನ ಟೈಡ್ ಸಂಸ್ಥೆ ಹಳ್ಳಿಯ ಹೆಂಗಸರಿಗೆ ಒಲೆ ಕಟ್ಟುವ ತರಬೇತಿ ಕೊಟ್ಟು ಅದನ್ನು ಅವರ ಕಸುಬಾಗಿಸಿತು, 2008ರಲ್ಲಿ ಆ ಸಂಸ್ಥೆಗೆ ಆಶ್‌ಡೆನ್ ಪ್ರಶಸ್ತಿ ಬಂತು. ಅದೇ ಸೀಮೆಯಲ್ಲಿ ಬದುಕುವವಳು ಕಟ್ಟಿದ ಒಲೆ ಹೊಗೆಯಾಡಿದರೆ ಕರೆಯಲು ಒಬ್ಬರಿದ್ದಾರೆ. ಎರಡನೆಯ ಸಲ ಬರಲು ಕೂಲಿ ಯಾರು ಕೊಡಬೇಕು ಎಂಬುದು ಕೊನೆಯ ಆಕ್ಷೇಪ. ಅರ್ಧ ದಿನದ ಕೂಲಿ ಉಳಿಸಲು ಹೋಗಿ ಇಡೀ ಒಲೆಯನ್ನು ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಆದ್ದರಿಂದ ಒಲೆ ಕಟ್ಟಿಸುವವರಲ್ಲಿ, ನೀರೊಲೆಗೆ ಕೊಳವೆ ಹಾಕಿಸುವವರಲ್ಲಿ ನನ್ನ ವಿನಂತಿ ಇದು. ಮಾತಾಡುವಾಗಲೇ ಮೊದಲ ಬೆಂಕಿಯನ್ನೂ ಕೆಲಸದೊಳಗೆ ಸೇರಿಸಿ. ಕುಳಿ ತೆಗೆಯುವ ಮೊದಲು ನೀವು ದಿನಾ ಬಳಸುವ ಪಾತ್ರೆಗಳನ್ನೇ ಕೊಟ್ಟು ಅಳತೆ ಹಿಡಿಸಿ. ಕೊಳವೆ ಸೂರು ದಾಟುವಲ್ಲಿ ಜಂತೆಗೂ ಸೋಗೆಗೂ ತಾಗದಂತೆ ತೆರಪು ಬಿಡಿಸಿ, ಮೇಲೆ ಮಳೆನೀರು ತಡೆಯುವ ಟೋಪಿ ಹಾಕಿಸಿ, ಮಸಿ ತೆಗೆಯಲು ಕೆಳಗೊಂದು ಕಿಂಡಿ ಇಡಿಸಿ. ಒಲೆ ಆರಿದ ಮೇಲೆ ಕಟ್ಟಿದವರನ್ನು ಮತ್ತೆ ಕರೆಸಿ. ಅವರು ಕೊಳವೆ ಬೆಚ್ಚಗೆ ಮಾಡಿ, ಮೂರೂ ಪಾತ್ರೆ ಇಟ್ಟು, ನಿಮ್ಮ ಸೌದೆಯಿಂದಲೇ ಹಚ್ಚಿ ತೋರಿಸಲಿ. ಆಮೇಲೆ ಒಲೆ ಆರಿಸಿ, ಅಡುಗೆ ಮಾಡುವವರೇ ಮತ್ತೊಮ್ಮೆ ಅವರೆದುರಿಗೆ ಹಚ್ಚಲಿ. ಹೊಗೆ ಸೂರಿನ ಮೇಲೆ ಹೋಗುವುದನ್ನು ಇಬ್ಬರೂ ನೋಡಿದ ನಂತರವೇ ಕೂಲಿಯ ಕೊನೆಯ ಕಂತು ಕೊಡಿ.